ಕುದುರೆಗಳ ಸಂತೆ-ಜಾತ್ರೆಗಳೂ ಇನ್‌ಫ್ಲುಯೆಂಜಾ ರೋಗವೂ: ಸನ್ನತಿಯ ಸೀಮೆಯಿಂದ ಒಂದು ವಿವೇಚನೆ

ಭೀಮಾನದಿಯ ದಡದಲ್ಲಿರುವ ಸನ್ನತಿಯ ಹೆಸರನ್ನು ಕೇಳಿದೊಡನೆಯೇ ಇತಿಹಾಸದ ವಿದ್ಯಾರ್ಥಿಗೆ ಅಶೋಕನ ನೆನಪಾಗುತ್ತದೆ. ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಕಾ ಗುಡಿಯಲ್ಲಿ ವಿಗ್ರಹಕ್ಕೆ ಪೀಠವಾಗಿದ್ದ ಬಂಡೆಯ ಮೇಲೆ ಆ ಚಕ್ರವರ್ತಿಯ ಲಿಪಿಗಳಿರುವುದು 1980ರ ದಶಕದಲ್ಲಿ ಬೆಳಕಿಗೆ ಬಂದಿತು. ಬಂಡೆಯ ಒಂದು ಮುಖದಲ್ಲಿ 12 ಮತ್ತು 14ನೆಯ ಬಂಡೆಶಾಸನಗಳ ಭಾಗಗಳೂ, ಇನ್ನೊಂದರಲ್ಲಿ ಅಧಿಕಾರಿಗಳನ್ನು ಉದ್ದೇಶಿಸಿದ ಎರಡು ಪ್ರತ್ಯೇಕ ಶಾಸನಗಳೂ ಇವೆ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದುದನ್ನು ತಿಳಿಸುವ 2ನೆಯ ಶಾಸನವು ಇಲ್ಲಿ ದೊರೆತ ಭಾಗದಲ್ಲಿಲ್ಲ. ಗಿರ್ನಾರ್ ಮೊದಲಾದ ಸ್ಥಳಗಳಿಂದ ಅದು ನಮಗೆ ತಿಳಿದಿದೆ. ಪಶುಗಳ ಆರೋಗ್ಯವು ಆಳುವವರ ಹೊಣೆಯೆಂಬ ಭಾವನೆ ಹೀಗೆ ಬಹು ಪ್ರಾಚೀನವಾದುದು. ಕುದುರೆಗಳು ನೆರೆಯುವ ಕಡೆ ಇನ್‌ಫ್ಲುಯೆಂಜಾ ಹಬ್ಬಿದಾಗ ಆ ಹೊಣೆಯನ್ನು ನಿರ್ವಹಿಸುವುದು ಹೇಗೆಂಬುದೇ ಈ ಲೇಖನದ ವಿಷಯ.

ಕುದುರೆಗಳ ದೊಡ್ಡ ನೆರವಿಯು ಈ ಸೀಮೆಗೆ ಅಪರಿಚಿತವಲ್ಲ. 15ನೆಯ ಶತಮಾನದ ಉತ್ತರಾರ್ಧದಲ್ಲಿ ಬಹಮನೀ ರಾಜ್ಯಕ್ಕೆ ಬಂದ ರಷ್ಯದ ವರ್ತಕ ಅಫನಾಸಿ ನಿಕಿತಿನ್ ತಾನೇ ಒಂದು ಕುದುರೆಯನ್ನು ಮಾರಲು ತಂದಿದ್ದನು. ಆಳಂದದಲ್ಲಿ ವರ್ಷಕ್ಕೊಮ್ಮೆ ಹತ್ತು ದಿನಗಳ ಸಂತೆ ಕೂಡುತ್ತಿದ್ದಿತೆಂದೂ, ಅಲ್ಲಿಗೆ 20,000ದಷ್ಟು ಕುದುರೆಗಳು ಮಾರಾಟಕ್ಕೆ ಬರುತ್ತಿದ್ದುವೆಂದೂ ಆತನು ಬರೆದಿಟ್ಟಿದ್ದಾನೆ. ಈ ಸಂಖ್ಯೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ; ಆದರೆ ದೂರದೂರದ ಪ್ರಾಣಿಗಳು ಒಂದೆಡೆ ಕೂಡಿ, ಮತ್ತೆ ನಾನಾ ದಿಕ್ಕುಗಳಿಗೆ ಚದರುತ್ತಿದ್ದುವೆಂಬುದು ಸ್ಪಷ್ಟ. ರೋಗದ ದೃಷ್ಟಿಯಿಂದ ಈ ಕೂಡುವಿಕೆಗಿಂತಲೂ ಚದರುವಿಕೆಯೇ ಹೆಚ್ಚು ಗಂಭೀರವಾದುದೆಂದು ನಮ್ಮ ಅಭಿಪ್ರಾಯ.

ಕುದುರೆಗಳ ಇನ್‌ಫ್ಲುಯೆಂಜಾ ವೈರಾಣುವಿನಿಂದ ಬರುವ ಶ್ವಾಸಕೋಶದ ರೋಗ. ಇಂದು ಕಾಣಿಸಿಕೊಳ್ಳುತ್ತಿರುವುದು ಎಚ್3ಎನ್8 ಎಂಬ ಪ್ರಭೇದ. ಇದನ್ನು ಮೊದಲು 1963ರಲ್ಲಿ ಅಮೆರಿಕದ ಮಯಾಮಿಯಲ್ಲಿ ಗುರುತಿಸಲಾಯಿತು. ಸೋಂಕು ತಗುಲಿದ ಒಂದರಿಂದ ಮೂರು ದಿನಗಳೊಳಗೆ ಸಾಮಾನ್ಯವಾಗಿ ಜ್ವರ ಏರುತ್ತದೆ. ಆರೋಗ್ಯವಂತ ಕುದುರೆಯ ಮೈಶಾಖ ಸುಮಾರು 38 ಡಿಗ್ರಿ ಸೆಲ್ಸಿಯಸ್. ಈ ರೋಗದಲ್ಲಿ ಅದು 41 ಡಿಗ್ರಿಯನ್ನು ಮುಟ್ಟುವುದುಂಟು. ಬಳಿಕ ಒಣಕೆಮ್ಮು, ಮೂಗಿನ ಸೋರಿಕೆ, ಮೇವಿನಲ್ಲಿ ಅರುಚಿ ಕಾಣುತ್ತವೆ. ಒಂದು ವಾರದಿಂದ ಹತ್ತು ದಿನಗಳವರೆಗೆ ಪ್ರಾಣಿಯು ವೈರಾಣುವನ್ನು ಹೊರಹಾಕುತ್ತಿರಬಹುದು. ಕೆಮ್ಮಿದಾಗ ಚಿಮ್ಮುವ ಹನಿಗಳಷ್ಟೇ ಅಲ್ಲದೆ ನೀರಿನ ತೊಟ್ಟಿ, ಲಗಾಮು, ಮೈ ತಿಕ್ಕುವ ಬುರುಸು, ಸಾಕುವವನ ಕೈ ಮತ್ತು ಬಟ್ಟೆಗಳೂ ಸೋಂಕನ್ನು ಒಯ್ಯುತ್ತವೆ. ಕತ್ತೆ ಮತ್ತು ಹೇಸರಗತ್ತೆಗಳಿಗೂ ಇದು ತಗಲುತ್ತದೆ. ವಿಶ್ರಾಂತಿ ದೊರೆತರೆ ಬಹುಪಾಲು ಕುದುರೆಗಳು ಗುಣಹೊಂದುತ್ತವೆ; ಜ್ವರದಲ್ಲಿಯೇ ದುಡಿಸಿದರೆ ಶ್ವಾಸಕೋಶದ ಉರಿಯೂತವುಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು.

ಈ ರೋಗದ ವೇಗಕ್ಕೆ ಇತಿಹಾಸದಲ್ಲಿ ಸಾಕಷ್ಟು ನಿದರ್ಶನಗಳಿವೆ. 1872ರ ಶರತ್ಕಾಲದಲ್ಲಿ ಕೆನಡದ ಟೊರಾಂಟೊ ಸೀಮೆಯಲ್ಲಿ ತೋರಿಕೊಂಡ ಪಿಡುಗು ಕೆಲವೇ ತಿಂಗಳುಗಳಲ್ಲಿ ಉತ್ತರ ಅಮೆರಿಕದ ಬಹುಭಾಗವನ್ನು ಆವರಿಸಿತು. ಅದೇ ನವೆಂಬರಿನಲ್ಲಿ ಬಾಸ್ಟನ್ ನಗರಕ್ಕೆ ಬೆಂಕಿ ಬಿದ್ದಾಗ ಅಗ್ನಿಶಾಮಕ ಬಂಡಿಗಳನ್ನು ಮನುಷ್ಯರೇ ಎಳೆಯಬೇಕಾಯಿತು. ಭಾರತದಲ್ಲಿ 1987ರಲ್ಲಿ ಈ ರೋಗವು ಹಬ್ಬಿತು. ಆಗ ಬೇರ್ಪಡಿಸಿದ ವೈರಾಣುವಿಗೆ ಲೂಧಿಯಾನದ ಹೆಸರಿದೆ. ಎರಡನೆಯ ಸಲ 2008ರ ಜೂನ್ ತಿಂಗಳಿನಲ್ಲಿ ಜಮ್ಮು ಪ್ರಾಂತದ ಕಟ್ರಾದಲ್ಲಿ ಅದು ಕಾಣಿಸಿತು. ಕಟ್ರಾ ವೈಷ್ಣೋದೇವಿಯ ಯಾತ್ರಿಕರು ಹೊರಡುವ ಊರು. ಅಲ್ಲಿ ಯಾತ್ರಿಕರನ್ನು ಹೊರುವ ತಟ್ಟುಗಳು ಬಹಳ. ಒಂದು ವರ್ಷದೊಳಗೆ ಸೋಂಕು ಉತ್ತರದಿಂದ ಪಶ್ಚಿಮ, ಮಧ್ಯ ಮತ್ತು ದಕ್ಷಿಣ ಭಾರತಕ್ಕೂ ವ್ಯಾಪಿಸಿತು.

ಆಸ್ಟ್ರೇಲಿಯದ ಅನುಭವವು ಇನ್ನೂ ಬೋಧಪ್ರದವಾದುದು. 2007ರ ಆಗಸ್ಟಿನಲ್ಲಿ ಹೊರದೇಶದಿಂದ ಬಂದ ಕುದುರೆಗಳನ್ನು ಪ್ರತ್ಯೇಕವಾಗಿರಿಸಿದ್ದ ಕೇಂದ್ರದಿಂದ ಸೋಂಕು ಹೊರಬಿದ್ದಿತು. ಮೈಟ್ಲೆಂಡ್ ಬಳಿ ನಡೆದ ಒಂದು ಕುದುರೆ ಸ್ಪರ್ಧೆಗೆ ಬಂದಿದ್ದ ಪ್ರಾಣಿಗಳು ಮನೆಗೆ ಮರಳಿದಾಗ ಅದು ಅನೇಕ ಊರುಗಳಿಗೆ ಹೋಯಿತು. ಸರಕಾರವು ಕುದುರೆಗಳ ಸಂಚಾರವನ್ನೇ ನಿಲ್ಲಿಸಿತು. ಸುಮಾರು 70,000 ಕುದುರೆಗಳು ರೋಗಕ್ಕೊಳಗಾದರೂ, ಆ ವರ್ಷ ಮುಗಿಯುವುದರೊಳಗೆ ಹೊಸ ಪ್ರಕರಣಗಳು ನಿಂತುವು. ಬ್ರಿಟನ್ನಿನಲ್ಲಿ 2019ರ ಫೆಬ್ರವರಿಯಲ್ಲಿ ಲಸಿಕೆ ಪಡೆದ ಪಂದ್ಯದ ಕುದುರೆಗಳಲ್ಲಿಯೇ ರೋಗವು ಕಂಡುದರಿಂದ ಆರು ದಿನ ಪಂದ್ಯಗಳನ್ನು ನಿಲ್ಲಿಸಲಾಯಿತು. ಲಸಿಕೆಯೊಂದೇ ಸಾಲದೆಂಬುದಕ್ಕೆ ಇದು ಸಾಕ್ಷಿ.

ಈಗ ನಮ್ಮ ಸೀಮೆಗೆ ಬರೋಣ. ಮದುವೆಯ ಮೆರವಣಿಗೆಯ ಕುದುರೆ, ಅಲ್ಲಲ್ಲಿ ಉಳಿದಿರುವ ಟಾಂಗಾದ ಕುದುರೆ, ಹೇರು ಹೊರುವ ಕತ್ತೆ ಇವೇ ಇಲ್ಲಿನ ಪ್ರಾಣಿಗಳು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಶಹಾಬಾದಿನ ಕುದುರೆಯೊಂದು ಭಾನುವಾರ ಜಾತ್ರೆಯಲ್ಲಿ, ಕೆಮ್ಮುವ ಕುದುರೆಯೊಡನೆ ಒಂದೇ ತೊಟ್ಟಿಯ ನೀರು ಕುಡಿಯಿತೆನ್ನಿ. ಸೋಮವಾರ ಅದು ಲವಲವಿಕೆಯಿಂದಲೇ ಮನೆ ಸೇರುತ್ತದೆ. ಮಂಗಳವಾರ ಚಿತ್ತಾಪುರದ ಮದುವೆ, ಬುಧವಾರ ಸೇಡಂನ ಮದುವೆ. ಗುರುವಾರ ಒಡೆಯನು ಕೆಮ್ಮನ್ನು ಕೇಳುವಷ್ಟರಲ್ಲಿ ಸೋಂಕು ಮೂರು ಊರುಗಳನ್ನು ಮುಟ್ಟಿರುತ್ತದೆ.

ಆದುದರಿಂದ ಎಚ್ಚರಿಕೆಯು ಮೂರು ಹಂತಗಳಲ್ಲಿರತಕ್ಕದ್ದು. ಮೊದಲನೆಯದು ಹೊರಡುವ ಮುನ್ನ: ಕೆಲವು ದಿನ ಬೆಳಿಗ್ಗೆ ಸಂಜೆ ಮೈಶಾಖವನ್ನು ನೋಡಿ ಬರೆದಿಡಬೇಕು, ಜ್ವರ ಅಥವಾ ಕೆಮ್ಮಿರುವ ಲಾಯದಿಂದ ಯಾವ ಕುದುರೆಯೂ ಹೊರಡಕೂಡದು. ಮೊದಲ ಲಸಿಕೆಯನ್ನು ನಾಲ್ಕರಿಂದ ಆರು ವಾರಗಳ ಅಂತರದಲ್ಲಿ ಎರಡು ಸಲ ಹಾಕಿಸಬೇಕಾಗುವುದರಿಂದ ಜಾತ್ರೆಯ ಬಾಗಿಲಲ್ಲಿ ಲಸಿಕೆ ಕೊಟ್ಟು ಪ್ರಯೋಜನವಿಲ್ಲ. ಎರಡನೆಯದು ನೆರೆದ ಸ್ಥಳದಲ್ಲಿ: ಬಾಗಿಲಲ್ಲಿ ಪಶುವೈದ್ಯರ ತಪಾಸಣೆ, ಒಂದೊಂದು ಊರಿನ ಕುದುರೆಗಳಿಗೆ ದೂರದೂರ ನೆಲೆ, ಪ್ರತಿ ಕುದುರೆಗೂ ಸ್ವಂತ ಬಕೀಟು, ಕೈ ತೊಳೆಯಲು ಸಾಬೂನು ನೀರು, ಬಂದವರ ಊರು ಹೆಸರುಗಳ ದಾಖಲೆ. ಈ ವೈರಾಣು ಸಾಬೂನಿಗೆ ಸುಲಭವಾಗಿ ನಾಶವಾಗುವುದು ಬಡವರ ಭಾಗ್ಯವೇ ಸರಿ. ಮೂರನೆಯದು ಮರಳಿದ ಮೇಲೆ: ಎರಡು ವಾರ ಬೇರೆ ಕಟ್ಟಿ, ಅದರ ಆರೈಕೆಯನ್ನು ಕೊನೆಗೆ ಮಾಡುವುದು. ಸುತ್ತಮುತ್ತ ರೋಗವು ಖಚಿತವಾಗಿದ್ದರೆ ಕುದುರೆಗಳ ನೆರವಿಯನ್ನು ಮುಂದೂಡುವುದೇ ಸರಿ. ದೇವರ ತೇರು ಕುದುರೆಯಿಲ್ಲದೆಯೂ ನಡೆಯಬಲ್ಲುದು.

ಪ್ರಾಣಿಗಳ ಸಾಂಕ್ರಾಮಿಕ ರೋಗಗಳನ್ನು ಕುರಿತ 2009ರ ಕೇಂದ್ರ ಕಾಯಿದೆಯ ಅನುಸೂಚಿಯಲ್ಲಿ ಈ ರೋಗವೂ ಸೇರಿದೆ. ರೋಗವನ್ನು ವರದಿ ಮಾಡುವುದು ಒಡೆಯನ ಕರ್ತವ್ಯ. ನಿಯಂತ್ರಿತ ಪ್ರದೇಶದಲ್ಲಿ ಸಂತೆ, ಪ್ರದರ್ಶನಗಳನ್ನು ನಿಷೇಧಿಸಲು ಅವಕಾಶವಿದೆ. ಆದರೆ ನಿಜವಾದ ತೊಡಕು ಬೇರೆಯೇ ಇದೆ. ಜ್ವರ ಬಂದ ಕುದುರೆಗೆ ಕನಿಷ್ಠ ಮೂರು ವಾರಗಳ ವಿಶ್ರಾಂತಿ ಬೇಕು. ಮದುವೆಯ ತಿಂಗಳಲ್ಲಿ ಮೂರು ವಾರವೆಂದರೆ ಒಡೆಯನಿಗೆ ವರ್ಷದ ಸಂಪಾದನೆಯ ದೊಡ್ಡ ಪಾಲು. ಸತ್ಯ ಹೇಳಿದವನೇ ನಷ್ಟಕ್ಕೊಳಗಾಗುವುದಾದರೆ ಕೆಮ್ಮು ಕತ್ತಲೆಯ ಲಾಯದಲ್ಲಿ ಅಡಗಿಯೇ ಉಳಿಯುತ್ತದೆ. ಜಾತ್ರೆಯ ಸಮಿತಿಗಳೂ ಪಂಚಾಯತಿಗಳೂ ಅಂತಹವನಿಗೆ ಆ ದಿನಗಳ ಮೇವಿನ ವೆಚ್ಚವನ್ನಾದರೂ ಕೊಡುವುದು ಧರ್ಮ. ಅದು ಅಗ್ಗದ ಉಪಾಯವೂ ಹೌದು.

ಸನ್ನತಿಯ ಬಂಡೆಯ ಮೇಲಿನ ಮೊದಲನೆಯ ಪ್ರತ್ಯೇಕ ಶಾಸನದ ತಾತ್ಪರ್ಯವು ಧೌಲಿಯ ಪಾಠದಿಂದ ಸ್ಪಷ್ಟವಾಗುತ್ತದೆ: ಅಧಿಕಾರಿಗಳು ಆತುರ, ಕಾಠಿಣ್ಯ, ಆಲಸ್ಯಗಳನ್ನು ಬಿಟ್ಟು ಪಕ್ಷಪಾತವಿಲ್ಲದೆ ನಡೆಯಬೇಕು. ಕುದುರೆಯ ಕೆಮ್ಮನ್ನು ವರದಿ ಮಾಡಲು ಬಂದ ಬಡ ಒಡೆಯನನ್ನು ಎದುರುಗೊಳ್ಳುವ ಅಧಿಕಾರಿಗೆ ಇಂದಿಗೂ ಇದಕ್ಕಿಂತ ಉತ್ತಮವಾದ ಸೂಚನೆ ಬೇಕಾಗಿಲ್ಲ.