ಮರದ ಬೋಗುಣಿಯೂ ಮಳೆಗಾಲವೂ

ಕೊಡಚಾದ್ರಿಯ ತಪ್ಪಲಿನ ಕೊಲ್ಲೂರಿನಲ್ಲಿ ಮಳೆಗಾಲ ಬಂದೊಡನೆ ಮರದ ಬಾಗಿಲುಗಳು ಬಿಗಿಯಾಗುವುವು, ಬೇಸಗೆಯಲ್ಲಿ ಸಡಿಲಗೊಳ್ಳುವುವು. ಗಾಳಿಯ ತೇವವನ್ನು ಹೀರಿ ಮರವು ಹಿಗ್ಗುವುದೂ ಒಣಗಿ ಕುಗ್ಗುವುದೂ ಇದಕ್ಕೆ ಕಾರಣ. ಆದರೆ ಈ ವ್ಯತ್ಯಾಸ ಎಲ್ಲ ದಿಕ್ಕಿನಲ್ಲಿಯೂ ಸಮವಲ್ಲ. ಹಸಿಮರವು ಪೂರ್ತಿ ಒಣಗುವಾಗ ವಾರ್ಷಿಕ ಬಳೆಗಳ ಗುಂಟ ಸುಮಾರು ನೂರಕ್ಕೆ 8ರಷ್ಟು, ಅವುಗಳಿಗೆ ಅಡ್ಡಲಾಗಿ ಅದರ ಅರ್ಧದಷ್ಟು ಕುಗ್ಗುವುದು. ನಾರಿನ ಉದ್ದಕ್ಕಾದರೋ ಸಾಮಾನ್ಯವಾಗಿ ನೂರಕ್ಕೆ 0.2ನ್ನು ಮೀರದು. ಆದ್ದರಿಂದಲೇ ಒಂದೇ ದಿಮ್ಮಿಯಿಂದ ಕಡೆದ ಅಗಲವಾದ ಬೋಗುಣಿಯು ಕ್ರಮೇಣ ದುಂಡುತನವನ್ನು ಕಳೆದುಕೊಳ್ಳುವುದು.

ಇದಕ್ಕೊಂದು ಉಪಾಯವುಂಟು. ಸಣ್ಣ ತುಂಡುಗಳನ್ನು ಅಂಟಿಸಿ ಬಳೆ ಮಾಡಿ, ಬಳೆಯ ಮೇಲೆ ಬಳೆಯನ್ನು ಕೂಡಿಸಿ, ಲೇತಿನಲ್ಲಿ ಕಡೆಯಬೇಕು. ಆಗ ನಾರು ಪಾತ್ರೆಯ ಸುತ್ತಲೂ ಸಾಗುವುದರಿಂದ, ದಪ್ಪವೂ ಎತ್ತರವೂ ತುಸು ಬದಲಾದರೂ ದುಂಡು ಕೆಡದು. ಬಳೆಗೆ 12 ತುಂಡುಗಳಾದರೆ ಪ್ರತಿ ತುದಿಯನ್ನೂ 15 ಡಿಗ್ರಿ ಓರೆಯಾಗಿ ಕೊಯ್ಯಬೇಕು. ಪ್ರತಿ ಸಲವೂ ಒಂದೇ ಕಡೆಗೆ ಅರ್ಧ ಡಿಗ್ರಿ ತಪ್ಪಿದರೆ, 24 ತುದಿಗಳಲ್ಲಿ ಅದು 12 ಡಿಗ್ರಿಯಾಗಿ, ಬಳೆ ಕೂಡುವುದೇ ಇಲ್ಲ.

ತಳದ ವಿಷಯದಲ್ಲಿ ಎಚ್ಚರ ಬೇಕು. ಅಗಲವಾದ ಹಲಗೆಯನ್ನು ಬಳೆಯೊಳಗೆ ಬಿಗಿಯಾಗಿ ಅಂಟಿಸಿದರೆ, ಮಳೆಗಾಲದಲ್ಲಿ ಅದು ಅಡ್ಡಕ್ಕೆ ಹಿಗ್ಗಿ, ಹಿಗ್ಗದ ಬಳೆಯ ಸಂದುಗಳನ್ನು ಬಿಡಿಸಿಬಿಡುವುದು. ಬಾಗಿಲಿನ ಹಲಗೆಯನ್ನು ಬಡಗಿಯು ಚೌಕಟ್ಟಿನ ತೋಡಿನಲ್ಲಿ ಅಂಟಿಲ್ಲದೆ ಕೂರಿಸುವಂತೆ, ನಾವು ತಳವನ್ನೂ ಸುತ್ತ ಸ್ವಲ್ಪ ಎಡೆಬಿಟ್ಟು ಕೂರಿಸಬೇಕು.