ಟಿಟ್ಟಿಭ ಕೇಳಿದ ಪ್ರಶ್ನೆ

ಭಾನುವಾರ ಬೆಳಗಿನ ಐದೂವರೆಗೆ ಪುಣೆಯ ರಸ್ತೆಯಲ್ಲಿ ಎರಡು ಬಗೆಯ ಜನ ಸಿಗುತ್ತಾರೆ. ಟೇಕಡಿ ಹತ್ತಲು ಹೊರಟ ಹಿರಿಯರು ಒಂದು ಬಗೆ. ಹೆಗಲಿಗೆ ಕ್ಯಾಮೆರಾ ಚೀಲ ಏರಿಸಿಕೊಂಡು, ಎಲ್ಲಿಯಾದರೂ ಚಹಾ ಸಿಕ್ಕೀತೇ ಎಂದು ನೋಡುತ್ತ ಹೋಗುವ ನನ್ನಂಥವರು ಇನ್ನೊಂದು ಬಗೆ. ವಾರದ ಐದು ದಿನ ಪರದೆ ನೋಡಿ ದಣಿದ ಕಣ್ಣಿಗೆ ಆರನೆಯ ದಿನ ನಿದ್ದೆ, ಏಳನೆಯ ದಿನ ಹಕ್ಕಿ. ಕೆಲವು ವರ್ಷಗಳಿಂದ ಇದೇ ನನ್ನ ಕ್ರಮ.

ಧಾರವಾಡ ಬಿಟ್ಟು ಕೆಲಸಕ್ಕೆಂದು ಇಲ್ಲಿಗೆ ಬಂದು ಹದಿಮೂರು ವರ್ಷವಾಯಿತು. ಮಗಳು ಹುಟ್ಟಿದಾಗ ಎಲ್ಲ ಅಪ್ಪಂದಿರಂತೆ ನಾನೂ ಒಂದು ಡಿಎಸ್‌ಎಲ್‌ಆರ್ ಕೊಂಡೆ. ಅದರೊಂದಿಗೆ 18-55 ಮತ್ತು 55-250 ಮಿ.ಮೀ.ನ ಎರಡು ಲೆನ್ಸ್ ಬಂದವು. ಮೊದಲ ಎರಡು ವರ್ಷ ಅದು ಹುಟ್ಟುಹಬ್ಬಕ್ಕೊಮ್ಮೆ, ಗಣಪತಿ ಹಬ್ಬಕ್ಕೊಮ್ಮೆ ಹೊರಬಂದು ಆಟೋ ಮೋಡಿನಲ್ಲಿ ಕೆಲಸ ಮುಗಿಸಿ ಮತ್ತೆ ಕಪಾಟು ಸೇರುತ್ತಿತ್ತು. ಅದನ್ನು ಅಲ್ಲಿಂದ ಹೊರಗೆಳೆದವರು ನಮ್ಮ ಕಚೇರಿಯ ಹಿರಿಯರೊಬ್ಬರು. ಅವರೂ ಕನ್ನಡಿಗರೇ, ಕೋಲಾರದ ಕಡೆಯವರು. "ಕ್ಯಾಮೆರಾ ಇದೆ ಅಂತೀರಿ, ಒಂದ್ಸಲ ಕವಡಿಗೆ ಬನ್ನಿ" ಎಂದರು.

ಸೋಲಾಪುರ ರಸ್ತೆಯಲ್ಲಿ ಹಡಪ್ಸರ್ ದಾಟಿ, ಲೋಣಿ ಕಾಳಭೋರ್‌ಗಿಂತ ಸ್ವಲ್ಪ ಮೊದಲು ಎಡಕ್ಕೆ ತಿರುಗಿದರೆ ಕವಡಿ ಸಿಗುತ್ತದೆ. ಅಲ್ಲಿ ಮುಳಾ-ಮುಠಾ ನದಿಗೆ ಅಡ್ಡಲಾಗಿ ಹಳೆಯದೊಂದು ಒಡ್ಡು ಇದೆ. ಇಡೀ ಪುಣೆಯ ಕೊಳೆ ಹೊತ್ತು ಬರುವ ನೀರು ಅದು. ಕೆಲವು ದಿನ ನೊರೆ ತೇಲುತ್ತಿರುತ್ತದೆ, ವಾಸನೆಯೂ ಇರುತ್ತದೆ. ಆದರೂ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಚಕ್ರವಾಕಗಳು ಅಲ್ಲಿಗೇ ಬಂದಿಳಿಯುತ್ತವೆ. ಮೆಟ್ಟುಗಾಲು ಹಕ್ಕಿ, ಸಿಪಿಲೆ, ನೀರುಕಾಗೆ, ಮಿಂಚುಳ್ಳಿ ಎಲ್ಲವೂ ಇರುತ್ತವೆ. ಪುಣೆಯಲ್ಲಿ ಹಕ್ಕಿ ಚಿತ್ರ ಕಲಿಯಬೇಕೆನ್ನುವ ಬಹಳ ಮಂದಿಗೆ ಕವಡಿಯೇ ಮೊದಲ ಶಾಲೆ.

ಮೊದಲ ದಿನ ಆರುನೂರಕ್ಕೂ ಹೆಚ್ಚು ಚಿತ್ರ ತೆಗೆದೆ. ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ನೋಡಿದರೆ ಒಂದೂ ನೆಟ್ಟಗಿಲ್ಲ. ಆಗ ಊರಿನಿಂದ ಬಂದಿದ್ದ ಅವ್ವ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿ, "ಹಕ್ಕಿ ಎಲ್ಲೈತೋ ಇದ್ರಾಗ? ಬರೇ ನೀರ ಕಾಣಸ್ತೈತಿ" ಅಂದಳು. ನಾನು ತಪ್ಪನ್ನು ಲೆನ್ಸಿನ ಮೇಲೆ ಹಾಕಿ, ಅಂದು ರಾತ್ರಿಯೇ ದೊಡ್ಡ ಟೆಲಿ ಲೆನ್ಸುಗಳ ಬೆಲೆ, ಕಂತಿನ ಲೆಕ್ಕ ಎಲ್ಲ ತೆಗೆದೆ.

ಹತ್ತು ಭಾನುವಾರ, ಒಂದೇ ಜಾಗ

ಮರುದಿನ ಕ್ಯಾಂಟೀನಿನಲ್ಲಿ ಹಿರಿಯರು ಆ ಲೆಕ್ಕಕ್ಕೆ ನಕ್ಕುಬಿಟ್ಟರು. "ಹತ್ತು ಭಾನುವಾರ ಅದೇ ಜಾಗಕ್ಕೆ ಹೋಗಿ. ಪ್ರತಿ ಸಲ ಒಂದೇ ಒಂದು ವಿಷಯ ಕಲೀರಿ. ಆಮೇಲೂ ಲೆನ್ಸ್ ಬೇಕು ಅನ್ನಿಸಿದ್ರೆ ತಗೊಳ್ಳಿ" ಎಂದರು.

ಮೊದಲ ವಾರ ಶಟರ್ ವೇಗ. 250 ಮಿ.ಮೀ. ಲೆನ್ಸನ್ನು ಪೂರ್ತಿ ಚಾಚಿದರೆ ನನ್ನ ಕ್ಯಾಮೆರಾದ ಚಿಕ್ಕ ಸೆನ್ಸರಿನಲ್ಲಿ ಅದು 1.6 ಪಟ್ಟು, ಅಂದರೆ 400 ಮಿ.ಮೀ.ನಷ್ಟು ನೋಟ ಕೊಡುತ್ತದೆ. ಹಾಗಾಗಿ ಕೈಯಲ್ಲಿ ಹಿಡಿದು ತೆಗೆಯುವಾಗ ಸೆಕೆಂಡಿನ 400ನೇ ಒಂದು ಭಾಗಕ್ಕಿಂತ ನಿಧಾನವಾದರೆ ಕೈನಡುಕವೆಲ್ಲ ಚಿತ್ರದಲ್ಲಿ ಕಾಣುತ್ತದೆ. ಹಾರುವ ಹಕ್ಕಿಯ ರೆಕ್ಕೆ ಸ್ಪಷ್ಟವಾಗಿ ಬೇಕಾದರೆ 1600ನೇ ಒಂದು ಭಾಗವಾದರೂ ಬೇಕು. ನನ್ನ ಆ ಆರುನೂರು ಚಿತ್ರಗಳಲ್ಲಿ ಬಹುತೇಕ 125ರಲ್ಲಿ ತೆಗೆದವು. ಲೆನ್ಸಿನ ತಪ್ಪೇನೂ ಇರಲಿಲ್ಲ.

ಇನ್ನೊಂದು ವಾರ ಬೆಳ್ಳಕ್ಕಿ. ಕ್ಯಾಮೆರಾದ ಮೀಟರಿಗೆ ಜಗತ್ತೆಲ್ಲ ನಡುಬೂದು ಬಣ್ಣದಲ್ಲಿ ಇರಬೇಕೆಂಬ ಹಟ. ಕಪ್ಪು ನೀರಿನ ನಡುವೆ ಒಂದು ಚಿಕ್ಕ ಬೆಳ್ಳಕ್ಕಿ ನಿಂತಿದ್ದರೆ ಅದು ನೀರನ್ನು ಬೆಳ್ಳಗೆ ಮಾಡಲು ಹೋಗುತ್ತದೆ. ಆಗ ಹಕ್ಕಿಯ ಗರಿಗಳೆಲ್ಲ ಸುಟ್ಟುಹೋಗಿ ಸುಣ್ಣದ ಉಂಡೆಯಂತೆ ಕಾಣುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ನನ್ನು ಒಂದು ಸ್ಟಾಪ್ ಕೆಳಗಿಳಿಸಿದರೆ ಗರಿಗರಿಯೂ ಎಣಿಸುವಂತೆ ಬರುತ್ತದೆ. ಅದೇ ಬೆಳ್ಳಕ್ಕಿ ಹತ್ತಿರ ಬಂದು ಚೌಕಟ್ಟು ತುಂಬಿದರೆ ಉಲ್ಟಾ: ಈಗ ಮೀಟರು ಬಿಳಿಯನ್ನೇ ಬೂದು ಮಾಡುತ್ತದೆ, ನಾವು ಮೇಲಕ್ಕೇರಿಸಬೇಕು. ಪುಸ್ತಕದಲ್ಲಿ ಇದನ್ನು ಮೂರು ಸಲ ಓದಿದ್ದೆ. ತಲೆಗೆ ಹೋದದ್ದು ಕವಡಿಯ ಕೆಸರಿನಲ್ಲಿ.

ಮತ್ತೊಂದು ವಾರ ಅವರು ಹೇಳಿದ್ದು "ಮಲಗಿ" ಎಂದು. ನಿಂತು ತೆಗೆದರೆ ಹಕ್ಕಿಯ ಹಿಂದೆ ನೆಲ, ಕಸ, ಪ್ಲಾಸ್ಟಿಕ್ ಚೀಲ. ಹೊಟ್ಟೆಯ ಮೇಲೆ ಮಲಗಿ ಅದರ ಕಣ್ಣಿನ ಮಟ್ಟಕ್ಕೆ ಇಳಿದರೆ ಹಿನ್ನೆಲೆ ದೂರ ಸರಿದು ಮಸುಕಾಗುತ್ತದೆ, ಹಕ್ಕಿಯೊಂದೇ ಉಳಿಯುತ್ತದೆ. ಆ ದಿನ ಪ್ಯಾಂಟು ಒಗೆದವರಿಗೆ ನಾನಿನ್ನೂ ಋಣಿ.

ಕವಡಿಯ ಜೊತೆಗೆ ಉಳಿದ ಜಾಗಗಳೂ ಸೇರಿಕೊಂಡವು. ಪಾಷಾಣ ಕೆರೆ, ವೇತಾಳ ಟೇಕಡಿ, ದಸರೆಯ ಹಿಂದಿನ ದಿನದ ಮಾರ್ಕೆಟ್ ಯಾರ್ಡಿನ ಚೆಂಡುಹೂವಿನ ರಾಶಿ. ಒಮ್ಮೆ ಕಸಬಾ ಪೇಠೆಯ ತಾಂಬಟ್ ಆಳಿಗೆ ಹೋದೆ. ತಾಮ್ರದ ಪಾತ್ರೆ ಬಡಿಯುವವರ ಹಳೆಯ ಓಣಿ ಅದು. ಸೀದಾ ಕ್ಯಾಮೆರಾ ಎತ್ತಿದೆ. ಅಜ್ಜನೊಬ್ಬ ಸುತ್ತಿಗೆ ಕೆಳಗಿಟ್ಟು ಮುಖ ತಿರುಗಿಸಿದ. ಮುಂದಿನ ಸಲ ಮೊದಲು ಕೂತು ಮಾತಾಡಿದೆ, ಅರ್ಧ ಗಂಟೆಯ ಮೇಲೆ ಕೇಳಿ ತೆಗೆದೆ. ಅಜ್ಜ ಈ ಸಲ ಕೆಲಸ ನಿಲ್ಲಿಸಲಿಲ್ಲ. ಮನುಷ್ಯರ ಚಿತ್ರ ತೆಗೆಯುವಾಗ ಅನುಮತಿ ಬೇಕೆಂಬುದನ್ನು ಅಲ್ಲಿ ಕಲಿತೆ. ಹಕ್ಕಿಗೂ ಅದು ಬೇಕೆಂದು ತಿಳಿಯಲು ಮಾತ್ರ ತಡವಾಯಿತು.

ನಲವತ್ತು ನಿಮಿಷ

ಅದು ಏಪ್ರಿಲ್. ಹಿರಿಯರು ಊರಿಗೆ ಹೋಗಿದ್ದರು, ನಾನೊಬ್ಬನೇ ಕವಡಿಗೆ ಬಂದಿದ್ದೆ. ಒಡ್ಡಿನಿಂದ ಮೇಲ್ಭಾಗದ ಕಲ್ಲುನೆಲದಲ್ಲಿ ನಡೆಯುತ್ತಿದ್ದಾಗ ಎರಡು ಟಿಟ್ಟಿಭಗಳು ತಲೆಯ ಮೇಲೆ ಸುತ್ತುತ್ತ ಕೂಗತೊಡಗಿದವು. ಪಂಚತಂತ್ರ ಓದಿದವರಿಗೆ ಈ ಹಕ್ಕಿ ಗೊತ್ತು: ತನ್ನ ಮೊಟ್ಟೆ ಒಯ್ದ ಸಮುದ್ರವನ್ನೇ ಒಣಗಿಸುತ್ತೇನೆಂದು ಹೊರಟದ್ದು ಇದೇ. ಇದರ ಕೂಗು ಇಂಗ್ಲಿಷರ ಕಿವಿಗೆ 'ಡಿಡ್ ಯು ಡು ಇಟ್?' ಎಂದು ಕೇಳಿಸಿತಂತೆ. ನೀನು ಮಾಡಿದ್ದಾ, ನೀನು ಮಾಡಿದ್ದಾ?

ಇಷ್ಟು ಕೂಗಿದರೆ ಹತ್ತಿರ ಗೂಡಿದೆ ಎಂದರ್ಥ. ಹುಡುಕಿದೆ, ಸಿಕ್ಕಿತು. ಗೂಡೆಂದರೆ ಗೂಡಲ್ಲ, ನೆಲದಲ್ಲಿ ಸ್ವಲ್ಪ ತಗ್ಗು, ಸುತ್ತ ನಾಲ್ಕು ಹರಳು, ನಡುವೆ ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆ. ಎಂಟು-ಹತ್ತು ಹೆಜ್ಜೆ ದೂರದಲ್ಲಿ ಮಲಗಿದೆ. ಆಗಲೇ ಹತ್ತು ಗಂಟೆಯ ಬಿಸಿಲು. ಹಕ್ಕಿ ಬಂದು ಕೂರುವ ಚಿತ್ರ ಬೇಕಿತ್ತು. ಅದು ಬರುತ್ತಿತ್ತು, ನಾನು ಅಲುಗಿದೊಡನೆ ಹಾರುತ್ತಿತ್ತು. ಕೊನೆಗೂ ಒಂದು ಸಲ ಗರಿ ಉಬ್ಬಿಸಿ, ಕಾಲು ಮಡಚಿ, ಮೊಟ್ಟೆಗಳ ಮೇಲೆ ಇಳಿಯುವ ಕ್ಷಣ ಸಿಕ್ಕಿತು. ಕಣ್ಣಿನಲ್ಲಿ ಬೆಳಕಿನ ಚುಕ್ಕೆಯೂ ಇತ್ತು. ನನ್ನ ಅದುವರೆಗಿನ ಎಲ್ಲ ಚಿತ್ರಗಳಲ್ಲಿ ಅದೇ ಉತ್ತಮ.

ಹಿಂದೆ ಯಾರೋ ಕೆಮ್ಮಿದರು. ಕುರಿ ಕಾಯುವವರೊಬ್ಬರು ನಿಂತಿದ್ದರು. ಸಿಟ್ಟಿನ ದನಿಯಲ್ಲ, ಸುಮ್ಮನೆ ಹೇಳಿದರು: "ಸಾಹೇಬ, ತಿಚೀ ಅಂಡೀ ಭಾಜತಾಯತ್." ಅದರ ಮೊಟ್ಟೆ ಬೇಯುತ್ತಿವೆ.

ಗಡಿಯಾರ ನೋಡಿದೆ. ನಾನು ಮಲಗಿ ನಲವತ್ತು ನಿಮಿಷವಾಗಿತ್ತು.

ಆಮೇಲೆ ಓದಿದಾಗ ಪೂರ್ತಿ ತಿಳಿಯಿತು. ಬೇಸಿಗೆಯಲ್ಲಿ ಟಿಟ್ಟಿಭ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡಲಿಕ್ಕಷ್ಟೇ ಅಲ್ಲ, ನೆರಳು ಕೊಡಲಿಕ್ಕೂ ಹೌದು. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕೂರುತ್ತವೆ. ನೀರಿಗಿಳಿದು ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತವೆ. ಆ ಬಿಸಿಲಿನಲ್ಲಿ ತಂದೆತಾಯಿಯನ್ನು ಗೂಡಿನಿಂದ ದೂರ ಇಡುವುದೆಂದರೆ ಏನೆಂದು ಬೇರೆ ಹೇಳಬೇಕಿಲ್ಲ. ನಾನು ನಡೆದ ಹಾದಿಯನ್ನು ನೋಡಿ ಕಾಗೆಯೋ ನಾಯಿಯೋ ಗೂಡು ಪತ್ತೆ ಮಾಡುವ ಅಪಾಯ ಬೇರೆ.

ಮುಂದಿನ ಭಾನುವಾರ ಬೈನಾಕ್ಯುಲರಿನಲ್ಲಿ ದೂರದಿಂದ ನೋಡಿದೆ. ತಗ್ಗು ಖಾಲಿ. ಟಿಟ್ಟಿಭದ ಮರಿಗಳು ಮೊಟ್ಟೆಯೊಡೆದು ಬಂದ ಸ್ವಲ್ಪ ಹೊತ್ತಿಗೇ ನಡೆದು ಹೋಗುತ್ತವೆ, ಒಡೆದ ಚಿಪ್ಪನ್ನು ದೊಡ್ಡವು ಬೇರೆಡೆಗೆ ಒಯ್ದುಬಿಡುತ್ತವೆ. ಹಾಗಾಗಿ ಖಾಲಿ ಗೂಡೆಂದರೆ ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು. ಯಾವುದೆಂದು ನನಗೆ ಇಂದಿಗೂ ತಿಳಿದಿಲ್ಲ.

ಆ ಚಿತ್ರವನ್ನು ಕಚೇರಿಯ ಸ್ಪರ್ಧೆಗೆ ಕಳಿಸಬೇಕೆಂದಿದ್ದೆ, ಕಳಿಸಲಿಲ್ಲ. ಅಳಿಸಿಯೂ ಇಲ್ಲ. ಹಾರ್ಡ್ ಡಿಸ್ಕಿನಲ್ಲಿ ಇದೆ. ಹೊಸಬರು ಯಾರಾದರೂ ನನ್ನ ಜೊತೆ ಬಂದರೆ ತೋರಿಸಿ, ನಡೆದದ್ದು ಹೇಳುತ್ತೇನೆ. ಗೂಡಿನ ಚಿತ್ರಗಳನ್ನು ಬಹಳಷ್ಟು ವನ್ಯಜೀವಿ ಸ್ಪರ್ಧೆಗಳು ಏಕೆ ತೆಗೆದುಕೊಳ್ಳುವುದಿಲ್ಲ ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ನಿಮ್ಮ ಊರಿನಲ್ಲೂ ಒಂದು ಕವಡಿ

ಈಗಲೂ ನನ್ನ ಬಳಿ ಅದೇ 55-250 ಲೆನ್ಸು. ಬದಲಾದದ್ದು ಕೂರುವ ಕ್ರಮ. ಬೆಳಕು ಹರಿಯುವ ಮೊದಲೇ ಹೋಗಿ ಒಂದು ಕಡೆ ಕೂರುತ್ತೇನೆ, ಹಕ್ಕಿ ತಾನಾಗಿ ಎಷ್ಟು ಹತ್ತಿರ ಬರುತ್ತದೋ ಅಷ್ಟೇ. ಅದು ಮೇಯುವುದನ್ನು ನಿಲ್ಲಿಸಿ ನನ್ನನ್ನೇ ನೋಡತೊಡಗಿದರೆ, ಕೂಗಿದರೆ, ನಾನು ಹತ್ತಿರವಾದೆ ಎಂದರ್ಥ. ಎದ್ದು ಹಿಂದೆ ಸರಿಯಬೇಕು.

ಕಲಿಯಲು ಬಂಡೀಪುರದ ಸಫಾರಿಯೇ ಆಗಬೇಕಿಲ್ಲ. ಮುಂಬಯಿಯವರಿಗೆ ಶಿವಡಿಯ ಕೆಸರುದಂಡೆಯ ರಾಜಹಂಸಗಳಿವೆ, ಚೆನ್ನೈನವರಿಗೆ ಪಳ್ಳಿಕರಣೈ ಜೌಗು, ಹೈದರಾಬಾದಿನವರಿಗೆ ಅಮೀನ್‌ಪುರ ಕೆರೆ, ದೆಹಲಿಯವರಿಗೆ ಓಖ್ಲಾ. ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತಲೇ ವರ್ಷಗಟ್ಟಲೆ ಕ್ಯಾಮೆರಾ ಹಿಡಿದು ಕೂತವರು. ಮನೆಯಿಂದ ಒಂದು ಗಂಟೆಯ ಹಾದಿಯ ಯಾವುದಾದರೂ ಒಂದು ಜಾಗ ಆರಿಸಿಕೊಳ್ಳಿ, ಹತ್ತು ಭಾನುವಾರ ಅಲ್ಲಿಗೇ ಹೋಗಿ.

ಕಳೆದ ಮೇ ತಿಂಗಳಲ್ಲಿ ಕವಡಿಯ ದಂಡೆಯಲ್ಲಿ ಕೂತಿದ್ದಾಗ ಟಿಟ್ಟಿಭವೊಂದು ನೀರಂಚಿಗೆ ಇಳಿದು, ಕುಕ್ಕರಗಾಲಲ್ಲಿ ಕೂತಂತೆ ಕೂತು, ಹೊಟ್ಟೆ ನೆನೆಸಿಕೊಂಡಿತು. ತುಂಬ ದೂರವಿತ್ತು. ಎರಡೇ ಚಿತ್ರ ತೆಗೆದು ಕ್ಯಾಮೆರಾ ಕೆಳಗಿಟ್ಟು ನೋಡಿದೆ. ಅದು ಗರಿಯಿಂದ ನೀರು ತೊಟ್ಟಿಕ್ಕಿಸುತ್ತ ಕಲ್ಲುನೆಲದ ಕಡೆ ಹಾರಿತು. ಎಲ್ಲಿ ಇಳಿಯಿತೆಂದು ನೋಡಲು ಹೋಗಲಿಲ್ಲ.

ಸಂಜೆ ಅವ್ವನಿಗೆ ಫೋನಿನಲ್ಲಿ ಚಿತ್ರ ಕಳಿಸಿದೆ. ಐದೇ ನಿಮಿಷಕ್ಕೆ ಕರೆ ಬಂತು.

"ಈ ಸಲಾನೂ ಹಕ್ಕಿ ಭಾಳ ಸಣ್ಣದ ಕಾಣಸ್ತೈತಲ್ಲೋ."

"ದೂರ ಕೂತಿದ್ದೆ ಅವ್ವಾ."

"ಹೊಟ್ಟಿ ಯಾಕ ತೋಯಿಸ್ಕೊಳ್ಳಾಕತ್ತೈತಿ ಅದು?"

ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಂಗಾರ ದೂರನ ಕುಂದ್ರಪಾ" ಅಂದಳು.