ಕಂಪ್ಯೂಟರಿನ ಕ್ಯಾಲೆಂಡರಿಗೂ ಒಂದು ನಕಲು ಪ್ರತಿ ಇರಲಿ

ನಮ್ಮ ಸದಸ್ಯ ಬೆಳೆಗಾರರಲ್ಲಿ ಹಲವರು ಈಚೆಗೆ ಗೋಡೆಯ ಕ್ಯಾಲೆಂಡರನ್ನು ಬಿಟ್ಟು ಮನೆಯ ಕಂಪ್ಯೂಟರಿನಲ್ಲಿಯೇ ತೋಟದ ತಾರೀಖುಗಳನ್ನು ಗುರುತು ಹಾಕಿಡುತ್ತಿದ್ದಾರೆ. ಹೂಮಳೆ ಬಿದ್ದ ದಿನ, ಬೋರ್ಡೋ ಹೊಡೆಸಿದ ದಿನ, ಬೋರರ್ ಗಿಡ ಹುಡುಕಿ ಕಿತ್ತ ದಿನ, ಸಾಲದ ಕಂತು ಎಲ್ಲವೂ ಒಂದೇ ಕಡೆ ಸಿಗುವುದು ಅನುಕೂಲವೇ ಸರಿ. ಆದರೆ ಅದು ಒಂದೇ ಗಳಿಗೆಯಲ್ಲಿ ಕೈಬಿಟ್ಟು ಹೋಗಬಹುದೆಂಬುದನ್ನು ನಾನು ಸ್ವಂತ ನಷ್ಟದಿಂದ ಕಲಿತಿದ್ದೇನೆ.

ಅಡಿಕೆಯ ಔಷಧಿ ಸಿಂಪಡಣೆಯನ್ನು ನಾನು 'ಪ್ರತಿ ವರ್ಷ' ಮರುಕಳಿಸುವ ಕೆಲಸವೆಂದು ಒಮ್ಮೆ ನಮೂದಿಸಿಟ್ಟಿದ್ದೆ. ಆಯಾ ವರ್ಷದ ನಮೂದಿನ ಕೆಳಗೆ ಎಷ್ಟು ಡ್ರಮ್ಮು ದ್ರಾವಣ ಹಿಡಿಯಿತು, ಕೊಳೆ ಮೊದಲು ಯಾವ ಮೂಲೆಯಲ್ಲಿ ಕಂಡಿತು, ಮಳೆ ಎಷ್ಟು ದಿನ ಬಿಡುವು ಕೊಟ್ಟಿತು ಎಂದೆಲ್ಲ ಬರೆಯುತ್ತಿದ್ದೆ. ಹೀಗೆ ಆರು ವರ್ಷ. ಒಂದು ಜುಲೈಯಲ್ಲಿ ಮಳೆ ಬಿಡದೆ ಕೆಲಸ ಮುಂದೆ ಹೋಯಿತು. ಆ ವರ್ಷದ ನಮೂದನ್ನು ಫೋನಿನಲ್ಲಿ ಅಳಿಸಹೋದಾಗ 'ಇದೊಂದನ್ನು ಮಾತ್ರವೇ, ಇದನ್ನೂ ಮುಂದಿನವನ್ನೂ, ಅಥವಾ ಎಲ್ಲವನ್ನೂ' ಎಂದು ಅದು ಕೇಳಿತು. ಗೊನೆಗಾರ ಅಂಗಳದಲ್ಲಿ ಕಾಯುತ್ತಿದ್ದ. ನಾನು 'ಎಲ್ಲವನ್ನೂ' ಒತ್ತಿದೆ. ಹಿಂದಿನ ವರ್ಷಗಳೂ ಅದರೊಡನೆ ಹೋದವು. ನನಗೆ ಗೊತ್ತಾದದ್ದು ಮರುವರ್ಷದ ಮೇ ತಿಂಗಳಲ್ಲಿ. ಗೂಗಲ್ ಕ್ಯಾಲೆಂಡರಿನ ಕಸದ ಬುಟ್ಟಿಯಲ್ಲಿ ಅಳಿಸಿದ್ದು ಉಳಿಯುವುದು 30 ದಿನ ಮಾತ್ರ.

'ಫೋನಿನಲ್ಲೂ ಇದೆ, ಕಂಪ್ಯೂಟರಿನಲ್ಲೂ ಇದೆ, ಮತ್ತೇಕೆ ನಕಲು?' ಎಂದು ಕೇಳುವವರಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಒಂದಕ್ಕೊಂದು ಹೊಂದಿಸಿದ ಫೋನು ಮತ್ತು ಕಂಪ್ಯೂಟರು ಒಂದೇ ಖಾತೆ ಪುಸ್ತಕವನ್ನು ಎರಡು ಕಿಟಕಿಯಿಂದ ನೋಡಿದ ಹಾಗೆ. ಇಲ್ಲಿ ಹೊಡೆದು ಹಾಕಿದ್ದು ಅಲ್ಲಿಯೂ ಹೋಗುತ್ತದೆ. ಬೇರೆಯಾಗಿ ತೆಗೆದಿಟ್ಟದ್ದೇ ನಕಲು.

ಇದಕ್ಕೆ 'ಐಸಿಎಸ್' ಎಂಬ ಕಡತವಿದೆ. 1998ರಲ್ಲಿ ನಿಗದಿಯಾಗಿ 2009ರಲ್ಲಿ ಪರಿಷ್ಕೃತವಾದ ಕ್ರಮವಿದು. ಬಹುತೇಕ ಎಲ್ಲ ಕ್ಯಾಲೆಂಡರುಗಳೂ ಇದನ್ನು ಓದಬಲ್ಲವು. ಸಾದಾ ಅಕ್ಷರಗಳ ಕಡತವಾದ್ದರಿಂದ ನೋಟ್‌ಪ್ಯಾಡಿನಲ್ಲಿಯೂ ತೆರೆಯುತ್ತದೆ. ಗೂಗಲ್ ಕ್ಯಾಲೆಂಡರ್ ಬಳಸುವವರು ಅದನ್ನು ಕಂಪ್ಯೂಟರಿನ ಬ್ರೌಸರಿನಲ್ಲಿ ತೆರೆದು, ಸೆಟ್ಟಿಂಗ್ಸ್‌ನಲ್ಲಿ 'ಇಂಪೋರ್ಟ್ ಅಂಡ್ ಎಕ್ಸ್‌ಪೋರ್ಟ್'ಗೆ ಹೋಗಿ 'ಎಕ್ಸ್‌ಪೋರ್ಟ್' ಒತ್ತಬೇಕು. ಫೋನಿನ ಆಪ್‌ನಲ್ಲಿ ಈ ಸೌಕರ್ಯವಿಲ್ಲ. ಬರುವುದು ಜಿಪ್ ಕಡತ; ಬಿಚ್ಚಿದರೆ ಒಳಗೆ ಐಸಿಎಸ್ ಇರುತ್ತದೆ. ಥಂಡರ್‌ಬರ್ಡ್ ಬಳಸುವವರು ಕ್ಯಾಲೆಂಡರಿನ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ 'ಎಕ್ಸ್‌ಪೋರ್ಟ್' ಕಾಣುತ್ತದೆ.

ಕಡತದ ಹೆಸರಿನಲ್ಲಿ ವರ್ಷ, ತಿಂಗಳು ಸೇರಿಸಿ ಪೆನ್‌ಡ್ರೈವಿಗೆ ಹಾಕಿರಿ. ಆ ಪೆನ್‌ಡ್ರೈವನ್ನು ಕಂಪ್ಯೂಟರಿಗೇ ಚುಚ್ಚಿಟ್ಟರೆ ಪ್ರಯೋಜನವಿಲ್ಲ. ಏಪ್ರಿಲ್-ಮೇ ತಿಂಗಳ ಸಿಡಿಲು ನಮ್ಮ ಕಡೆ ಎಷ್ಟು ಮನೆಗಳ ಯಂತ್ರಗಳನ್ನು ಸುಟ್ಟಿದೆಯೆಂದು ಸದಸ್ಯರಿಗೆ ಹೇಳಬೇಕಾಗಿಲ್ಲ. ಇನ್ನೊಂದು ಪ್ರತಿ ಪೇಟೆಯಲ್ಲಿರುವ ಮಕ್ಕಳ ಮನೆಯಲ್ಲಿದ್ದರೆ ಉತ್ತಮ. ವರ್ಷಕ್ಕೊಮ್ಮೆಯಾದರೂ ಹೊಸದೊಂದು ಖಾಲಿ ಕ್ಯಾಲೆಂಡರ್ ಮಾಡಿ, ಆ ಕಡತವನ್ನು ಅದರೊಳಕ್ಕೆ ತಂದು ಎರಡು ಮೂರು ತಾರೀಖು ತಾಳೆ ನೋಡತಕ್ಕದ್ದು. ದಿನವೂ ಬಳಸುವ ಕ್ಯಾಲೆಂಡರಿಗೇ ಸುರಿದರೆ ಒಂದೊಂದು ನಮೂದೂ ಎರಡೆರಡಾಗುವ ಸಂಭವವುಂಟು.

ಮತ್ತೊಂದು ಮಾತು. ಮಳೆ ನೋಡಿ ಮಾಡುವ ಕೆಲಸವನ್ನು 'ಪ್ರತಿ ವರ್ಷ' ಎಂದು ಹಾಕುವುದೇ ನನ್ನ ತಪ್ಪಾಗಿತ್ತು. ಈಗ ಮೊದಲ ಬೋರ್ಡೋ ಆದ ದಿನವೇ, 40-45 ದಿನ ಮುಂದಕ್ಕೆ ಎಣಿಸಿ ಎರಡನೆಯದನ್ನು ಬಿಡಿಯಾಗಿ ಬರೆಯುತ್ತೇನೆ. ಮರುಕಳಿಸುವ ನಮೂದು ಕಂತಿನ ಗಡುವಿಗೆ ಇರಲಿ. ಅದು ಮಳೆಗೆ ಕಾಯುವುದಿಲ್ಲ, ಸಂಘವೂ ಕಾಯುವುದಿಲ್ಲ!

ನನ್ನ ಆರು ವರ್ಷಗಳಲ್ಲಿ ಎರಡು, ಹಿಂದೊಮ್ಮೆ ಇಳಿಸಿಟ್ಟಿದ್ದ ಕಡತದಲ್ಲಿ ದೊರೆತವು. ಉಳಿದವಕ್ಕೆ ಸಂಘದ ಮೈಲುತುತ್ತದ ರಸೀದಿಗಳಿಂದ ತಾರೀಖು ಅಂದಾಜು ಮಾಡಿದೆ. ಕೊಳೆ ಯಾವ ಮೂಲೆಯಲ್ಲಿ ಮೊದಲು ಕಂಡಿತೆಂಬುದು ಯಾವ ರಸೀದಿಯಲ್ಲೂ ಇಲ್ಲ.

ನಕಲು ತೆಗೆಯಲು ತೊಡಕಾದವರು ಪೆನ್‌ಡ್ರೈವ್ ಸಹಿತ ಕಚೇರಿಗೆ ಬರಬಹುದು. ಪಾಸ್‌ವರ್ಡನ್ನು ಮಾತ್ರ ತಾವೇ ಒತ್ತಿರಿ, ನಮಗೆ ಹೇಳುವುದು ಬೇಡ.

– ಕಾರ್ಯದರ್ಶಿ